ಕಡ್ಲೆ ಕಲಿತ ಮಾತು

ನಮ್ಮ ಊರಿಗೆ ಹೊಸದಾಗಿ ಬಂದವರು ‘ನಿಮ್ಮ ಮನೆ ಎಲ್ಲಿ ಬರುತ್ತೆ’ ಎಂದು ಕೇಳಿದರೆ ನಾವು ನಕ್ಕು ಸುಮ್ಮನಾಗುತ್ತೇವೆ. ನಿನ್ನೆ ನಮ್ಮ ಬೀದಿಯ ತುದಿಯಿಂದಾಚೆ ಹಿಟ್ಟಿನ ಗಿರಣಿ ಇತ್ತು. ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ನೋಡಿದರೆ ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಕಾಂಪೌಂಡು. ಗಿರಣಿ ಎಲ್ಲಿಗೆ ಹೋಯಿತೋ, ನಾಳೆ ಯಾರ ಪಕ್ಕದಲ್ಲಿ ಏಳುತ್ತದೋ. ಒಂದು ಬೀದಿಯೊಳಗಿನ ಮನೆಗಳು ಮಾತ್ರ ಒಂದನ್ನೊಂದು ಬಿಟ್ಟು ಹೋಗುವುದಿಲ್ಲ, ಅಷ್ಟು ಪುಣ್ಯ. ನಮ್ಮ ಎಡಕ್ಕೆ ಯಾವತ್ತೂ ದರ್ಜಿಯವರ ಮನೆ, ಬಲಕ್ಕೆ ಯಾವತ್ತೂ ರಿಟೈರಾದ ನರ್ಸಮ್ಮ. ಆದರೆ ಯಾವ ಬೀದಿ ದಾಟಿದರೆ ಯಾವ ಬೀದಿ ಸಿಗುತ್ತದೆ ಎನ್ನುವುದು ದಿನ ಬೆಳಗಾದರೆ ಬೇರೆ. ಕೆರೆಯೊಂದು ಮಾತ್ರ ಜಾಗ ಬಿಟ್ಟು ಕದಲಿದ್ದನ್ನು ಯಾರೂ ಕಂಡಿಲ್ಲ.

ಹೀಗಾಗಿ ನಮ್ಮಲ್ಲಿ ನಾಯಿ ಇಲ್ಲದ ಮನೆಯಿಲ್ಲ. ಬೀದಿಗಳು ಎಲ್ಲಿಗೆ ಹೋಗಿ ನಿಂತಿವೆಯೆಂದು ನಾಯಿಗೆ ಹೊಸ್ತಿಲು ದಾಟಿದ ಕೂಡಲೇ ತಿಳಿಯುತ್ತದೆ. ಕಲಿಸದ ನಾಯಿಗೂ ತಿಳಿಯುತ್ತದೆ, ಆದರೆ ಅದು ತನಗೆ ಬೇಕಾದ ಕಡೆ ಹೋಗುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಂಥದ್ದೊಂದನ್ನು ನಂಬಿ ಸೊಪ್ಪು ತರಲು ಹೊರಟು, ಮಟನ್ ಅಂಗಡಿಯ ಹಿಂದಿನ ತಿಪ್ಪೆಯ ಮುಂದೆ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ಕಲಿಸುವುದೆಂದರೆ ಇಷ್ಟೇ: ನಾವು ಹೇಳಿದ ಜಾಗ ಯಾವುದೆಂದು ಅದಕ್ಕೆ ಅರ್ಥವಾಗಬೇಕು, ಅರ್ಥವಾದ ಮೇಲೆ ತನ್ನ ಆಸೆ ಬಿಟ್ಟು ನಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕು. ಅದೂ ಮರಿಗೆ ವರ್ಷ ತುಂಬುವುದರೊಳಗೆ. ಆಮೇಲೆ ನಾಯಿ ಯಾರ ಮಾತನ್ನೂ ಹೊಸದಾಗಿ ಕಲಿಯುವುದಿಲ್ಲ.

ನನ್ನ ಯಜಮಾನರು ಕರಿಗಿರಯ್ಯ ಕುಕ್ಕರು, ಸ್ಟೌ ರಿಪೇರಿ ಮಾಡುವವರು. ಅಂಗಡಿ ಇಟ್ಟವರಲ್ಲ. ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು, ನಮ್ಮ ಹಳೆಯ ನಾಯಿ ರಾಣಿಯ ಜೊತೆ ಮನೆಮನೆಗೆ ಹೋಗುತ್ತಿದ್ದರು. ಸಂಜೆ ಬಂದು ಕಾಲು ತೊಳೆಯುವಾಗಲೇ ಮಾತು ಶುರು. ಯಾರ ಮನೆಯಲ್ಲಿ ಬೇಳೆ ಸೀದಿತ್ತು, ಯಾರ ಮನೆಯಲ್ಲಿ ಅತ್ತೆ ಸೊಸೆ ಒಂದೇ ಕುಕ್ಕರಿಗೆ ಜಗಳವಾಡಿದರು, ಯಾರು ಕಾಫಿ ಕೊಟ್ಟರು, ಯಾರು ನೀರೂ ಕೊಡಲಿಲ್ಲ. ನಾನು ‘ಹ್ಞೂಂ’ ಅನ್ನುತ್ತಾ ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದೆ. ರಾಣಿಗೆ ವಯಸ್ಸಾಗಿ ಅದು ತೀರಿಕೊಂಡಾಗ ಅವರು ಒಂದು ವಾರ ಹೊರಗೆ ಹೋಗಲಿಲ್ಲ. ಆಮೇಲೆ ಹುರಿಗಡಲೆ ಬಣ್ಣದ ಒಂದು ಮರಿಯನ್ನು ಶರಟಿನೊಳಗೆ ಇಟ್ಟುಕೊಂಡು ತಂದರು.

ಅದಕ್ಕೆ ಹೆಸರಿಡುವ ಮೊದಲೇ ಅವರಿಗೆ ಲಕ್ವ ಹೊಡೆಯಿತು. ಬಚ್ಚಲ ಮುಂದೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ಷು ಜಾರಿತು, ಅದನ್ನು ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಒರಗಿದರು. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ನಿಧಾನಕ್ಕೆ ಸರಿಹೋಯಿತು. ಬಲಗೈ ಪೂರ್ತಿ ಬರದಿದ್ದರೂ ಎಡಗೈಯಲ್ಲಿ ಸ್ಕ್ರೂ ತಿರುಗಿಸುವುದನ್ನು ಅಭ್ಯಾಸ ಮಾಡಿಕೊಂಡರು. ಮಾತೂ ಬಂತು. ಆದರೆ ಒಂದೂ ಅವರು ಹೇಳಬೇಕೆಂದಿದ್ದ ಮಾತಲ್ಲ. ನೀರು ಬೇಕಾದಾಗ “ಭಾನುವಾರ, ಭಾನುವಾರ” ಎಂದರು. ನೀರಿಗೆ ಭಾನುವಾರ ಅನ್ನುತ್ತಾರೆಂದು ನಾನು ನೆನಪಿಟ್ಟುಕೊಂಡರೆ ಮರುದಿನ ನೀರು ‘ಚಮಚ’ ಆಗಿರುತ್ತಿತ್ತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ತಮ್ಮ ಬಾಯಿಂದ ಬಂದದ್ದು ತಪ್ಪೆನ್ನುವುದೂ ತಿಳಿಯುತ್ತಿತ್ತು, ಅದೇ ಸಂಕಟ. ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಹಣೆ ಚಚ್ಚಿಕೊಂಡು ಮುಖ ತಿರುಗಿಸುತ್ತಿದ್ದರು.

ಮರಿಯನ್ನು ನಾನೇ ಕಡ್ಲೆ ಎಂದು ಕರೆದೆ. ಅವರು ಅದನ್ನು ಒಂದು ಸಲ ಸೋಪು ಎಂದು, ಇನ್ನೊಂದು ಸಲ ರೈಲು ಎಂದು ಕರೆಯುತ್ತಿದ್ದರು. ಅದು ಎಲ್ಲಕ್ಕೂ ಬಾಲ ಅಲ್ಲಾಡಿಸಿಕೊಂಡು ಓಡಿಬರುತ್ತಿತ್ತು.

ಮರಿ ದೊಡ್ಡದಾಗುತ್ತಿತ್ತು. ಒಂದು ದಿನ ನಮ್ಮ ಮಗಳು ಮಂದಾಕಿನಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ಅಮ್ಮ, ಇನ್ನು ತಡ ಮಾಡ್ಬೇಡ. ಕಡ್ಲೇನ ಕೆರೆ ಶಾಲೆಗೆ ಹಾಕ್ಬಿಡು. ಅಲ್ಲೇ ಇಟ್ಕೊಂಡು ಮೂರು ತಿಂಗಳಲ್ಲಿ ಕಲಿಸಿ ಕಳಿಸ್ತಾರೆ. ನಮ್ಮ ಸರದಾರ ಅಲ್ಲೇ ಕಲ್ತಿದ್ದು. ಒಂದಿನಾನೂ ದಾರಿ ತಪ್ಪಿಲ್ಲ.”

“ಮನೆಗೇ ಬಂದು ಹೇಳ್ಕೊಡೋರೂ ಇದಾರಂತಲ್ಲೇ.”

“ಇದಾರೆ. ವಾರಕ್ಕೆ ಎರಡು ಸಲ ಬರ್ತಾರೆ, ಕಾಫಿ ಕುಡೀತಾರೆ, ಹೋಗ್ತಾರೆ. ನಾಯಿ ಅರ್ಧಂಬರ್ಧ ಕಲಿಯುತ್ತೆ. ವೀರಭದ್ರಾಚಾರ್ರ ಕಥೆ ಮರ್ತೋಯ್ತಾ? ಬ್ಯಾಂಕಿಗೆ ಅಂತ ಹೊರಟೋರು ಎರಡು ದಿನ ಬಿಟ್ಟು ಸಿಕ್ಕಿದ್ರು. ಅವರಿಗೆ ಬಾಯಾದ್ರೂ ಇತ್ತು, ಕಂಡೋರನ್ನ ಕೇಳ್ಕೊಂಡು ಬಂದ್ರು.” ಅವಳು ದನಿ ತಗ್ಗಿಸಿದಳು. “ಅಪ್ಪ ಏನಂತ ಕೇಳ್ತಾರಮ್ಮ?”

ಮಗಳ ನಾಯಿ ಸರದಾರನನ್ನು ಮುಂದೆ ಬಿಟ್ಟುಕೊಂಡು, ಕಡ್ಲೆಯನ್ನೂ ಕರೆದುಕೊಂಡು ನಾವೆಲ್ಲ ಕೆರೆ ಶಾಲೆ ನೋಡಲು ಹೊರಟೆವು. ಯಜಮಾನರು ಯಾಕೋ ತಮ್ಮ ಖಾಕಿ ಚೀಲವನ್ನೂ ಹೆಗಲಿಗೆ ಹಾಕಿಕೊಂಡರು. ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ.

ಶಾಲೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆರೆಯ ಏರಿಗೆ ಒತ್ತಿಕೊಂಡಂತೆ ಸುಣ್ಣ ಬಳಿದ ಗೂಡುಗಳು, ಹೊಂಗೆ ಮರದ ನೆರಳು, ಉಜ್ಜಿ ತೊಳೆದ ತಟ್ಟೆಗಳು. ನಾಯಿಗಳು ಸಾಲಾಗಿ ಕೂತಿದ್ದವು. ಕಲಿಸುವವನೊಬ್ಬ “ಆಸ್ಪತ್ರೆ” ಅಂದ. ಅಷ್ಟೂ ನಾಯಿಗಳು ಒಟ್ಟಿಗೆ ಎದ್ದು ಒಂದೇ ದಿಕ್ಕಿಗೆ ಮುಖ ಮಾಡಿದವು. “ಮಾರ್ಕೆಟ್ಟು” ಅಂದ. ಎಲ್ಲವೂ ಒಟ್ಟಿಗೆ ತಿರುಗಿದವು. ನನ್ನ ಮೈ ಜುಮ್ಮೆಂದಿತು. ಇಂಥ ನಾಯಿ ಜೊತೆಗಿದ್ದರೆ ಜೀವಮಾನದಲ್ಲಿ ಯಾರೂ ಕಳೆದುಹೋಗುವುದಿಲ್ಲ.

ಶಾಲೆ ನಡೆಸುವ ಪದ್ಮರಾಜಯ್ಯನವರು ಮೃದು ಮಾತಿನ ಮನುಷ್ಯ. ಯಜಮಾನರ ಎದುರು ಕೂತು, “ಎಲ್ಲಿ, ನಿಮ್ಮ ಮರೀನ ಮನೆಗೆ ಕರೀರಿ ನೋಡೋಣ” ಎಂದರು. ಯಜಮಾನರು ಕಡ್ಲೆಯ ಕಡೆ ಬಗ್ಗಿ, ತುಟಿ ಒದ್ದೆ ಮಾಡಿಕೊಂಡು, “ಬೆಂಡೆಕಾಯಿ” ಎಂದರು. ಕಣ್ಣು ಮುಚ್ಚಿ ಇನ್ನೊಮ್ಮೆ, “ಬೆಂಡೆಕಾಯಿ, ಬೆಂಡೆಕಾಯಿ” ಎಂದರು. ಅಲ್ಲಿದ್ದ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

“ಅಮ್ಮ, ತಪ್ಪು ತಿಳೀಬೇಡಿ” ಎಂದು ಪದ್ಮರಾಜಯ್ಯನವರು ನನ್ನ ಕಡೆ ತಿರುಗಿದರು. “ನಾವು ಎಲ್ಲಾ ನಾಯಿಗೂ ಒಂದೇ ಮಾತು ಕಲಿಸ್ತೀವಿ. ಮಾರ್ಕೆಟ್ಟು ಅಂದ್ರೆ ಮಾರ್ಕೆಟ್ಟು. ಆ ಮಾತು ಇವರ ಬಾಯಲ್ಲಿ ಬರೋದಿಲ್ಲವಲ್ಲ.”

“ಹಾಗಾದ್ರೆ ಆಗಲ್ವಾ?”

“ಯಾಕಾಗಲ್ಲ? ಮಾತು ನೀವು ಹೇಳಿ, ಇವರು ನಿಮ್ಮ ಜೊತೆ ನಡ್ಕೊಂಡು ಬರ್ಲಿ. ಈ ಸ್ಥಿತೀಲಿ ಇವರನ್ನ ಒಬ್ಬರನ್ನೇ ಕಳಿಸೋದಾದ್ರೂ ಯಾಕೆ?”

ನನ್ನ ಎದೆಯ ಮೇಲಿಂದ ಯಾರೋ ಒರಳುಕಲ್ಲು ಇಳಿಸಿದ ಹಾಗಾಯಿತು. ಇಷ್ಟು ದಿನ ನಾನು ಹೆದರಿದ್ದಕ್ಕೆಲ್ಲ ಅವರೊಬ್ಬರು ಸುಲಭದ ಉತ್ತರ ಕೊಟ್ಟಿದ್ದರು. ಇನ್ನು ಎಲ್ಲಿಗೆ ಹೋದರೂ ಇಬ್ಬರೂ ಜೊತೆಗೇ. ಯಜಮಾನರು ನನ್ನ ಕಣ್ಣ ಮುಂದೆಯೇ ಇರುತ್ತಾರೆ. ನಾನು ಅಲ್ಲೇ ಒಪ್ಪಿ ಕಡ್ಲೆಯ ಹಗ್ಗವನ್ನು ಪದ್ಮರಾಜಯ್ಯನವರ ಕೈಗೆ ಕೊಟ್ಟೆ. ಯಜಮಾನರು ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆರೆಯ ನೀರು ನೋಡುತ್ತಿದ್ದರು. ದಾರಿಯುದ್ದಕ್ಕೂ “ಮೂರು ತಿಂಗಳು ತಾನೇ” ಎಂದು ನಾನು ಸಮಾಧಾನ ಹೇಳಿದೆ. ಮನೆಗೆ ಬಂದು ಚೀಲವನ್ನು ಮೊಳೆಗೆ ನೇತುಹಾಕಿದರು. ಅದನ್ನು ಮತ್ತೆ ಇಳಿಸಲಿಲ್ಲ.

ಅವರ ಮಾತು ನಿಂತದ್ದು ಆವತ್ತಿನಿಂದ. ಮೊದಲು ತಪ್ಪೋ ಒಪ್ಪೋ ಏನಾದರೂ ಹೇಳಲು ಒದ್ದಾಡುತ್ತಿದ್ದರು. ಈಗ ಆ ಒದ್ದಾಟವೇ ಇಲ್ಲ. ನೀರು ಬೇಕಾದರೆ ಎದ್ದು ಹೋಗಿ ಕುಡಿಯುತ್ತಿದ್ದರು. ಉಪ್ಪು ಕಡಿಮೆಯಾದರೆ ಸಪ್ಪೆಯನ್ನೇ ಉಣ್ಣುತ್ತಿದ್ದರು. ಜಗಲಿಯ ಕುರ್ಚಿಯಲ್ಲಿ ಕೂತವರ ಎಡಗೈ ಆಗಾಗ ಕೆಳಕ್ಕೆ ಇಳಿದು, ಮರಿಯ ತಲೆ ಇರುತ್ತಿದ್ದ ಕಡೆ ಸ್ವಲ್ಪ ಹೊತ್ತು ನಿಂತು, ಹಾಗೇ ಮೇಲೆ ಬರುತ್ತಿತ್ತು. “ಏನಾದ್ರೂ ಮಾತಾಡ್ರೀ” ಎಂದು ನಾನು ಗೋಗರೆದೆ. “ಸೋಪು ಅನ್ನಿ, ರೈಲು ಅನ್ನಿ, ಏನಾದ್ರೂ ಅನ್ನಿ.” ಅವರು ನನ್ನ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿದರು, ಅಷ್ಟೇ.

ಶಾಲೆಯಲ್ಲಿ ಭಾನುವಾರ ಮನೆಯವರು ಬಂದು ನೋಡಬಹುದು. ಸರದಾರನನ್ನು ಕರೆಸಿಕೊಂಡು ನಾವಿಬ್ಬರೂ ಹೋದೆವು. ಕಡ್ಲೆ ಎತ್ತರವಾಗಿತ್ತು, ಮೈ ಮಿರಿಮಿರಿ ಮಿಂಚುತ್ತಿತ್ತು. ಇವರು ದೂರದಿಂದಲೇ ಎರಡೂ ತೋಳು ಚಾಚಿ, “ಪೆನ್ನೇ! ಪೆನ್ನೇ!” ಎಂದು ಕೂಗಿದರು. ಎಷ್ಟು ದಿನದ ಮೇಲೆ ಆ ಬಾಯಿ ತೆರೆದದ್ದು! ಕಡ್ಲೆಯ ಬಾಲ ಅಲ್ಲಾಡಿತು. ಮೈ ಮಾತ್ರ ಕೂತಲ್ಲಿಂದ ಏಳಲಿಲ್ಲ. ಅದು ಕಲಿಸುವವನ ಮುಖ ನೋಡಿತು. ಅವನು “ಹೋಗು” ಅಂದ ಮೇಲೆ ಎದ್ದು ಬಂದು, ಇವರ ಕಾಲಿನ ಹತ್ತಿರ ನೆಟ್ಟಗೆ ಕೂತು, ಮತ್ತೆ ಅವನ ಮುಖವನ್ನೇ ನೋಡಿತು.

“ನೋಡಿ, ಎಷ್ಟು ಬೇಗ ಕಲ್ತಿದೆ” ಎಂದ ಅವನು ಹೆಮ್ಮೆಯಿಂದ.

ಯಜಮಾನರು ಕಷ್ಟಪಟ್ಟು ನೆಲಕ್ಕೆ ಕೂತು ಅದರ ಕಿವಿ ಸವರಿದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು. ಏಳಲು ಕೈ ಕೊಡು ಎಂದು ಕೇಳುವ ನೋಟ ಅದು. ಇವತ್ತು ನಿನ್ನ ಕೈ ಹಿಡಿದೇ ಏಳಬೇಕು, ಇನ್ನು ಮುಂದೆಯೂ ಹೀಗೇ ಎನ್ನುವಂತೆ. ನಾನು ಅವರನ್ನು ಎಬ್ಬಿಸಿ ನಿಲ್ಲಿಸಿ, ಸೀದಾ ಪದ್ಮರಾಜಯ್ಯನವರ ಕೋಣೆಗೆ ಹೋಗಿ ನಾಯಿಯನ್ನು ಮನೆಗೆ ಕರೆದೊಯ್ಯುತ್ತೇನೆ ಎಂದೆ.

ಅವರು ಬೈಯಲಿಲ್ಲ. “ಅರ್ಧಕ್ಕೆ ಬಿಡಿಸಿದ್ರೆ ಇಲ್ಲಿಗೂ ಇಲ್ಲ, ಅಲ್ಲಿಗೂ ಇಲ್ಲ ಆಗುತ್ತಮ್ಮ. ಅದಕ್ಕೆ ವರ್ಷ ತುಂಬೋಕೆ ಹೆಚ್ಚು ದಿನ ಉಳಿದಿಲ್ಲ. ಆಮೇಲೆ ನೀವು ಬಂದು ಕೇಳಿದ್ರೂ ನನ್ನ ಕೈಲಿ ಆಗಲ್ಲ” ಎಂದರು.

“ಗೊತ್ತು ಸ್ವಾಮಿ” ಎಂದೆ. ನಿಜವಾಗಿ ನನಗೆ ಏನೂ ಗೊತ್ತಿರಲಿಲ್ಲ.

ಮಂದಾಕಿನಿ ನನ್ನ ಜೊತೆ ವಾರವಿಡೀ ಮಾತು ಬಿಟ್ಟಳು. ಮನೆಗೆ ಬಂದು ಕಲಿಸುವವರು ಯಾರಾದರೂ ಇದ್ದಾರಾ ಎಂದು ನಾನು ಪಕ್ಕದ ನರ್ಸಮ್ಮನನ್ನು ಕೇಳಿದೆ. ಅವರು ಕಳಿಸಿಕೊಟ್ಟದ್ದು ಜುಲೇಖಾಳನ್ನು. ನಲವತ್ತು ದಾಟಿದ ಗಟ್ಟಿ ಹೆಂಗಸು. ಹಿಂದೆ ಕೆರೆ ಶಾಲೆಯಲ್ಲೇ ಕಲಿಸುತ್ತಿದ್ದವಳು. “ಯಾಕೆ ಬಿಟ್ರಿ?” ಎಂದರೆ, “ನಾಯಿಗಳು ಚೆನ್ನಾಗೇ ಕಲೀತಿದ್ವು ಅಕ್ಕ. ನನಗೇ ಬೇಜಾರಾಯ್ತು” ಎಂದಳು. ಹೇಳಿದ ಹೊತ್ತಿಗೆ ಒಂದು ದಿನವೂ ಬಂದವಳಲ್ಲ. ಕುಂಟುವ ಚಾಂದನಿ ಎಂಬ ಮುದಿ ನಾಯಿಯನ್ನು ಮುಂದಿಟ್ಟುಕೊಂಡು ಬಿಸಿಲಲ್ಲಿ ಬೆವರುತ್ತಾ ಬರುವಳು, ಬಂದವಳೇ ಚಕ್ಲಿ ಡಬ್ಬಿಯ ಕಡೆ ನೋಡುವಳು.

ಮೊದಲ ದಿನ ಅವಳು ಯಜಮಾನರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. “ಯಜಮಾನ್ರೇ, ಇವತ್ತು ಹಾಲಿನ ಡೇರಿಗೆ ಹೋಗೋಣ. ಮನಸ್ಸಲ್ಲಿ ಡೇರಿ ಅಂದ್ಕೊಳ್ಳಿ. ಬಾಯಿಗೆ ಏನು ಬರುತ್ತೋ ಅದನ್ನ ಹೇಳ್ಬಿಡಿ. ಸರಿಯಾಗಿ ಹೇಳೋಕೆ ಹೋಗ್ಲೇಬೇಡಿ.”

ಯಜಮಾನರು ಅವಳನ್ನು ಅನುಮಾನದಿಂದ ನೋಡಿ, “ಗುಲಾಬಿ” ಎಂದರು. “ಸರಿ, ಗುಲಾಬಿ!” ಎಂದು ಅವಳು ಎದ್ದಳು. ಚಾಂದನಿ ದಾರಿ ತೋರಿಸಿತು, ಕಡ್ಲೆ ಅದರ ಪಕ್ಕ, ಕಡ್ಲೆಯ ಪಕ್ಕ ಇವರು, ಹಿಂದೆ ನಾನು. ಡೇರಿ ತಲುಪಿದಾಗ ಕಡ್ಲೆಗೆ ಒಂದು ತುಂಡು ರೊಟ್ಟಿ. ವಾಪಸ್ಸು ಬರುವಾಗ ಮನೆಗೆ ‘ಬೀಗ’ ಎಂದು ಬಂತು. ಜುಲೇಖಾ ಸಂತೋಷವಾಗಿದ್ದಳು. ಗುಲಾಬಿ ಅಂದರೆ ಡೇರಿ, ಬೀಗ ಅಂದರೆ ಮನೆ, ಹೀಗೆ ಒಂದೊಂದೇ ಕಲಿಸೋಣ ಎಂದಳು.

ಮುಂದಿನ ಪಾಠಕ್ಕೆ ಡೇರಿ ‘ಪೊಲೀಸು’ ಆಗಿತ್ತು. ಅದರ ಮುಂದಿನ ಪಾಠಕ್ಕೆ ‘ಕಂಬಳಿ’. ಮನೆ ಒಂದೊಂದು ದಿನ ಒಂದೊಂದು. ಕಡ್ಲೆ ಪಾಪ ಇವರ ಮುಖ ನೋಡುವುದು, ಚಾಂದನಿಯ ಹಿಂದೆ ಹೋಗುವುದು, ರೊಟ್ಟಿ ತಿನ್ನುವುದು. ಚಾಂದನಿಯನ್ನು ಹಿಂದಕ್ಕೆ ಹಿಡಿದುಕೊಂಡರೆ ಕಡ್ಲೆ ನಿಂತಲ್ಲೇ ಗಿರಗಿರ ತಿರುಗಿ ಕೂತುಬಿಡುತ್ತಿತ್ತು. ಕೈಸನ್ನೆ ಕಲಿಸಲು ನೋಡಿದಳು. ತಮ್ಮ ಬಲಗೈ ನಡುಗುವುದನ್ನು ಹತ್ತು ಜನರೆದುರು ತೋರಿಸಲು ಇವರು ಒಪ್ಪಲಿಲ್ಲ.

ಹೀಗೆ ವಾರಗಳು ಹೋದವು. ಒಂದು ದಿನ ಜುಲೇಖಾ ಚಕ್ಲಿ ಮುಟ್ಟಲಿಲ್ಲ. ನನ್ನನ್ನು ಹಿತ್ತಿಲಿಗೆ ಕರೆದಳು. “ಅಕ್ಕ, ನಿಜ ಹೇಳ್ತೀನಿ. ತಪ್ಪು ಮಾತಾದ್ರೂ ಪರವಾಗಿಲ್ಲ, ಒಂದೇ ತಪ್ಪಾಗಿದ್ರೆ ನಾನು ಕಲಿಸ್ತಿದ್ದೆ. ಇದು ನಿಲ್ತಾನೇ ಇಲ್ಲ. ನಾಯಿ ಯಾವುದನ್ನ ಹಿಡ್ಕೊಬೇಕು? ಸುಮ್ನೆ ಬಂದು ಹೋಗೋಕೆ ನಂಗೂ ಮನಸ್ಸು ಒಪ್ತಿಲ್ಲ.”

ಆದರೆ ಒಂದು ಮಾತು ಅವಳಿಗೆ ಹೇಳಲೇಬೇಕಿತ್ತು. “ಅವರು ಮಾತಾಡ್ತಿದಾರೆ ಜುಲೇಖಾ. ನೀವು ನೋಡಿಲ್ಲ, ಕಡ್ಲೇನ ಕೂರಿಸ್ಕೊಂಡು ಬೆಳಿಗ್ಗೆಯಿಂದ ಸಾಯಂಕಾಲದ ತನಕ ಮಾತು. ಒಂದಕ್ಕೂ ಅರ್ಥ ಇಲ್ಲ, ಆದ್ರೂ ಮಾತಾಡ್ತಿದಾರೆ. ಅದಕ್ಕೆ ವರ್ಷ ತುಂಬೋ ತನಕ ಬನ್ನಿ. ಕಲೀದಿದ್ರೆ ಬೇಡ. ಬನ್ನಿ, ಅಷ್ಟೇ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಖಾರ ಸ್ವಲ್ಪ ಜಾಸ್ತಿ ಹಾಕಿ ಚಕ್ಲಿಗೆ” ಎಂದು ಹೊರಟುಹೋದಳು.

ಆಮೇಲಿನ ಒಂದು ಮಂಗಳವಾರ. ಜುಲೇಖಾ ಎಂದಿನ ಹಾಗೆ ತಡ ಮಾಡಿದ್ದಳು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಜಗಲಿಯಲ್ಲಿ ಇವರು ಕಡ್ಲೆಗೆ ಏನೋ ಹೇಳುತ್ತಿದ್ದದ್ದು ಕೇಳುತ್ತಿತ್ತು. “ಕಿಟಕಿ ತೊಳಿ ಮಾವಿನಕಾಯಿ.” ಆಮೇಲೆ ಸದ್ದಿಲ್ಲ. ಎದ್ದು ಬಂದು ನೋಡಿದರೆ ಕುರ್ಚಿ ಖಾಲಿ. ಮೊಳೆಯ ಮೇಲೆ ಖಾಕಿ ಚೀಲವೂ ಇಲ್ಲ. ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ, ಓಡಿದೆ. ಬೀದಿಯ ತುದಿಯಲ್ಲಿ ಕಡ್ಲೆ ಮುಂದೆ, ಇವರು ಹಿಂದೆ, ಚೀಲ ಎಡ ಹೆಗಲಲ್ಲಿ. ನಾನು ಕೂಗಿದರೂ ತಿರುಗಲಿಲ್ಲ. ಕಡ್ಲೆ ಎಲ್ಲೂ ನಿಲ್ಲದೆ, ಎಲ್ಲೂ ಮೂಸದೆ, ನಾನು ಯಾವತ್ತೂ ಕಾಣದ ಎರಡು ಬೀದಿಗಳನ್ನು ದಾಟಿ ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ ಕೂತಿತು. ಇವರು ಕುಕ್ಕರಿನ ಗ್ಯಾಸ್ಕೆಟ್ಟು ಕೊಳ್ಳುತ್ತಿದ್ದ ಅಂಗಡಿ.

“ಇಲ್ಲಿಗೇ ಅಂದ್ಕೊಂಡಿದ್ರಾ?” ಎಂದೆ ಏದುಸಿರು ಬಿಡುತ್ತಾ. ಅವರು ಹೌದೆಂದು ತಲೆಯಾಡಿಸಿದರು. ಎಲ್ಲೋ ಕಾಕತಾಳೀಯ ಇರಬೇಕೆಂದು, “ಈಗ ಮನೆಗೆ ಹೇಳಿ” ಎಂದೆ. ಅವರು ಕಡ್ಲೆಯ ಕಡೆ ಬಗ್ಗಿ “ಬೆಳ್ಳುಳ್ಳಿ” ಎಂದರು. ಆ ಮಾತು ಅವರ ಬಾಯಲ್ಲಿ ಮೊದಲು ಬಂದದ್ದೇ ಇಲ್ಲ. ಕಡ್ಲೆ ಎದ್ದು, ಮೈ ಕೊಡವಿಕೊಂಡು, ನಮ್ಮನ್ನು ನೇರ ಮನೆಗೆ ಕರೆತಂದಿತು.

ಜಗಲಿಯಲ್ಲಿ ಕೂತಿದ್ದ ಜುಲೇಖಾ ಮೊದಲು ನಂಬಲಿಲ್ಲ. ಇವರ ಕಿವಿಯಲ್ಲಿ ಒಂದೊಂದು ಜಾಗದ ಹೆಸರು ಹೇಳಿದಳು. ಇವರು ಬಾಯಿಗೆ ಬಂದದ್ದನ್ನು ಹೇಳಿದರು. ಕಡ್ಲೆ ಕರೆದೊಯ್ದಿತು. ಒಂದು ಸಲ ಮಾತ್ರ ನೇರ ಮಟನ್ ಅಂಗಡಿಗೆ ಹೋಯಿತು. ಅದು ಇವರ ತಪ್ಪಲ್ಲ. ಸಂಜೆ ಜುಲೇಖಾ ಕಣ್ಣು ಮುಚ್ಚಿ ಕೂತು, ಅವರ ಬಾಯಿಂದ ‘ಮನೆ’ಯನ್ನು ನಾಲ್ಕಾರು ಸಲ ಹೇಳಿಸಿದಳು. ಚಪ್ಪಲಿ. ಕಾಗೆ. ಗುರುವಾರ. “ಅಕ್ಕ, ನೀವೂ ಕಣ್ಣು ಮುಚ್ಕೊಳ್ಳಿ. ಮಾತು ಬಿಟ್ಬಿಡಿ. ಬರೀ ರಾಗ ಕೇಳಿ.”

ನಾನು ಕಣ್ಣು ಮುಚ್ಚಿದೆ. ಕಾಗೆ. ಗುರುವಾರ. ಮಾತಿನ ಕೊನೆಗೆ ದನಿ ಮೆಲ್ಲಗೆ ಇಳಿಯುತ್ತಿತ್ತು, ದಣಿದವನು ಕುರ್ಚಿಗೆ ಒರಗಿದ ಹಾಗೆ. ಮೊದಲೆಲ್ಲ ‘ಮನೆಗೆ ಹೋಗೋಣ ಕಣೇ’ ಎನ್ನುವಾಗಲೂ ಹೀಗೇ ಇಳಿಯುತ್ತಿತ್ತು. ಅದೊಂದೇ ನನಗೆ ಕೇಳಿಸಿದ್ದು. ಮಾರ್ಕೆಟ್ಟಿನದು, ಡೇರಿಯದು ಬೇರೆ ಬೇರೆ ಎಂದು ಜುಲೇಖಾ ಎಷ್ಟು ಹೇಳಿದರೂ ನನ್ನ ಕಿವಿಗೆ ಹತ್ತಲಿಲ್ಲ.

“ಇದು ನಾನು ಕಲಿಸಿದ್ದಲ್ಲ” ಎಂದಳು ಅವಳು ಡಬ್ಬಿಯಿಂದ ಚಕ್ಲಿ ತೆಗೆಯುತ್ತಾ. “ದಿನಾ ಪಕ್ಕದಲ್ಲಿ ಕೂರಿಸ್ಕೊಂಡು ಮಾತಾಡಿದ್ರಲ್ಲ, ಆವಾಗ ಕಲ್ತಿರೋದು.” ಕಡ್ಲೆಗೆ ವರ್ಷ ತುಂಬಲು ಇನ್ನು ಕೆಲವೇ ದಿನ ಉಳಿದಿತ್ತು.

ಇಷ್ಟಾದ ಮೇಲೂ ಅವರನ್ನು ಒಬ್ಬರನ್ನೇ ಕಳಿಸುವುದು ನನ್ನಿಂದಾಗಲಿಲ್ಲ. ಅವರು ಹೊರಟರೆ ಸ್ವಲ್ಪ ದೂರ ಬಿಟ್ಟು ಹಿಂದೆ ಹೋಗುತ್ತಿದ್ದೆ. ಅವರು ಯಾರದೋ ಮನೆಯ ಬಾಗಿಲಲ್ಲಿ ಕುಕ್ಕರು ಬಿಚ್ಚಿಕೊಂಡು ಕೂತರೆ ನಾನು ಎದುರುಮನೆಯ ಕಟ್ಟೆಯಲ್ಲಿ ಸೊಪ್ಪು ಬಿಡಿಸುವವಳ ಹಾಗೆ ಕೂರುತ್ತಿದ್ದೆ. ಅವರಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, ನನ್ನ ಕಾಲಿನ ಚಪ್ಪಲಿ ತೋರಿಸಿ, “ದೀಪ ಬೇಡ” ಎಂದರು. ದೀಪ ಅಂದರೆ ಏನೋ, ‘ಬೇಡ’ ಮಾತ್ರ ಸರಿಯಾಗೇ ಬಂದಿತ್ತು. ಎಷ್ಟೋ ತಿಂಗಳ ಮೇಲೆ ಬಂದ ಒಂದು ಸರಿಯಾದ ಮಾತು. ಅದಕ್ಕೆ ಎದುರಾಡುವುದು ಹೇಗೆ? ನಾನು ಚಪ್ಪಲಿ ಬಿಟ್ಟೆ. ಅವರ ಚೀಲಕ್ಕೆ ಎರಡು ಚಪಾತಿ ಹಾಕಿ, ಕಡ್ಲೆಯ ತಲೆ ಮುಟ್ಟಿ, “ಜೋಪಾನ” ಎಂದೆ.

ಮಧ್ಯಾಹ್ನಕ್ಕೆ ಬಂದಾರು, ಬಂದ ಮೇಲೆ ಬಿಸಿಯಾಗಿ ಇಡೋಣವೆಂದು ಅನ್ನಕ್ಕೆ ಇಡಲಿಲ್ಲ. ಬರಲಿಲ್ಲ. ಬಿಸಿಲು ಇಳಿಯಿತು, ಶಾಲೆ ಮಕ್ಕಳು ತಂತಮ್ಮ ನಾಯಿಗಳ ಹಿಂದೆ ಮನೆಗೆ ಬಂದವು. ದರ್ಜಿಯವರ ಮನೆಯಲ್ಲಿ ದೀಪ ಹಚ್ಚಿದರು. ಆಗ ನನ್ನ ಬುದ್ಧಿ ನನ್ನ ಕೈಯಲ್ಲಿರಲಿಲ್ಲ. ಈ ಊರಿನ ಪುಟ್ಟ ಮಗುವಿಗೂ ಗೊತ್ತು, ನಾಯಿಯಿಲ್ಲದೆ ಬೀದಿಯ ತುದಿ ದಾಟಬಾರದೆಂದು. ನಾನು ಬಾಗಿಲನ್ನೂ ಹಾಕದೆ ದಾಟಿದೆ.

“ಕುಕ್ಕರ್ ರಿಪೇರಿಯವರನ್ನ ನೋಡಿದ್ರಾ? ಹುರಿಗಡಲೆ ಬಣ್ಣದ ನಾಯಿ” ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಾ ಹೋದೆ. ಕೆಲವರು ಅತ್ತ ಎಂದರು, ಕೆಲವರು ಇತ್ತ ಎಂದರು. ಸ್ವಲ್ಪ ಹೊತ್ತಿಗೆ ನನ್ನ ಮನೆ ಯಾವ ಕಡೆಗಿದೆಯೆಂಬುದೇ ಹೋಯಿತು. ಕಾಲು ಸೋತು ಕೆಂಪು ಗಾರೆಯ ಒಂದು ಜಗಲಿಯ ಅಂಚಿನಲ್ಲಿ ಕೂತೆ. ಆ ಮನೆಯ ಹೆಂಗಸು ಹೊರಗೆ ಬಂದವಳು ನನ್ನನ್ನು ಏನೂ ಕೇಳಲಿಲ್ಲ. ದಾರಿ ತಪ್ಪಿದವರಿಗೆಂದು ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಒಂದು ಚಾಪೆ ಇರುತ್ತದೆ. ಅದನ್ನು ತಂದು ಹಾಸಿ, ಒಂದು ಲೋಟ ನೀರು ಇಟ್ಟಳು. ನಾನು ಯಾರನ್ನು ಹುಡುಕುತ್ತಿದ್ದೇನೆಂದು ಹೇಳಿದಾಗ ಅವಳ ಮುಖ ಅರಳಿತು.

“ಕುಕ್ಕರ್‌ನೋರಾ? ಮಧ್ಯಾಹ್ನ ಪೂರ್ತಿ ಇಲ್ಲೇ ಇದ್ರಲ್ಲ ಅಮ್ಮ! ರಿಪೇರಿ ಆಗಿ ಎಷ್ಟೋ ಹೊತ್ತಾಗಿತ್ತು, ನಮ್ಮತ್ತೆ ಬಿಡಬೇಕಲ್ಲ. ಅತ್ತೆಗೆ ಕಿವಿ ಕೇಳಲ್ಲ. ನಿಮ್ಮೋರು ಏನೋ ಹೇಳೋರು, ಅತ್ತೆ ಇನ್ನೇನೋ ಹೇಳೋರು. ಇಬ್ರೂ ಬಿದ್ದು ಬಿದ್ದು ನಗ್ತಿದ್ರು. ನಮ್ಮತ್ತೆ ನಕ್ಕಿದ್ದನ್ನ ನಾನು ಈ ವರ್ಷ ನೋಡೇ ಇರ್ಲಿಲ್ಲ. ಈಗ ಸ್ವಲ್ಪ ಮುಂಚೆ ಹೊರಟ್ರು.”

ನನಗೆ ಅಳು ಬಂತು, ನಗುವೂ ಬಂತು. ಹಾಗಾದರೆ ಅವರು ಕಳೆದುಹೋಗಿಲ್ಲ. ಮನೆಗೆ ಹೋಗಿದ್ದಾರೆ. ಬಾಗಿಲು ತೆರೆದಿದೆ, ಒಲೆ ತಣ್ಣಗಿದೆ, ನಾನು ಇಲ್ಲ. ಕಳೆದುಹೋದವಳು ನಾನು. ನಾನು ಎಲ್ಲಿದ್ದೇನೆಂದು ಅವರು ಯಾರನ್ನು ಕೇಳುತ್ತಾರೆ, ಏನಂತ ಕೇಳುತ್ತಾರೆ?

ಗಂಡ ಬಂದ ಮೇಲೆ ತಮ್ಮ ನಾಯಿಯ ಜೊತೆ ಕಳಿಸಿಕೊಡುತ್ತೇನೆ ಎಂದಳು ಆ ಹೆಂಗಸು. ಆದರೆ ಆ ನಾಯಿಗೆ ನಮ್ಮ ಮನೆಯ ಹೆಸರು ತಿಳಿಯದಲ್ಲ. ಬೆಳಿಗ್ಗೆ ನೋಡೋಣವೆಂದು ನಾವಿಬ್ಬರೂ ಸುಮ್ಮನಾದೆವು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬೀದಿಯಲ್ಲಿ ಉಗುರು ಕೆರೆಯುವ ಸದ್ದು ಕೇಳಿತು. ತಲೆಯೆತ್ತುವಷ್ಟರಲ್ಲಿ ಕಡ್ಲೆ ನನ್ನ ಮೈಮೇಲೆ ಬಿದ್ದು ಮುಖವೆಲ್ಲ ನೆಕ್ಕುತ್ತಿತ್ತು. ನಾಯಿಗೆ ಜಾಗ ಹುಡುಕುವುದನ್ನು ಕಲಿಸುತ್ತಾರೆ. ಮನುಷ್ಯರನ್ನು ಹುಡುಕುವುದನ್ನು ಕೆರೆ ಶಾಲೆಯಲ್ಲೂ ಕಲಿಸುವುದಿಲ್ಲ, ಜುಲೇಖಾ ಕೂಡ ಕಲಿಸಿರಲಿಲ್ಲ.

ಅದರ ಹಿಂದೆ ಅವರು ಬಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಚೀಲ ಇನ್ನೂ ಹೆಗಲಲ್ಲೇ. ನನ್ನನ್ನು ಕಂಡವರೇ ಜಗಲಿಯ ಕಂಬ ಹಿಡಿದು ನಿಂತು ಬೈಯಲು ಶುರುಮಾಡಿದರು. ಸಕ್ಕರೆ ಅಂದರು, ಪಂಚಾಯ್ತಿ ಅಂದರು, ಏಣಿ, ಗೋಣಿಚೀಲ, ಅಮಾವಾಸ್ಯೆ ಅಂದರು. ಬುದ್ಧಿ ಇದೆಯಾ ನಿನಗೆ, ನಾಯಿಯಿಲ್ಲದೆ ಹೊರಗೆ ಕಾಲಿಡುತ್ತಾರಾ, ನನ್ನ ಜೀವ ಬಾಯಿಗೆ ಬಂದಿತ್ತು. ಒಂದೂ ಬಿಡದೆ ಎಲ್ಲ ಕೇಳಿಸಿತು ನನಗೆ. ಇಷ್ಟು ತಿಂಗಳಲ್ಲಿ ಅವರು ನನಗೆ ಬೈದದ್ದೇ ಇರಲಿಲ್ಲ. ತಲೆ ತಗ್ಗಿಸಿಕೊಂಡು ಬೈಸಿಕೊಂಡೆ.

ಕೋಪ ಇಳಿದ ಮೇಲೆ ಎಡಗೈ ಚಾಚಿ ನನ್ನನ್ನು ಎಬ್ಬಿಸಿದರು. ಕಡ್ಲೆಗೆ ಏನೋ ಹೇಳಿದರು, ದನಿ ಮೆಲ್ಲಗೆ ಇಳಿಯಿತು. ಅದು ಮುಂದೆ ಹೊರಟಿತು. ನಾನು ಕಾಣದ ಬೀದಿಗಳು, ಯಾರ್ಯಾರದೋ ಒಗ್ಗರಣೆಯ ವಾಸನೆ, ಕಿಟಕಿಗಳಲ್ಲಿ ದೀಪ. ನಾನು ಅವರ ತೋಳು ಹಿಡಿದುಕೊಂಡಿದ್ದೆ. ಅವರು ಆ ಅಜ್ಜಿಯ ಮನೆಯ ಕಥೆ ಹೇಳುತ್ತಿದ್ದರು, ನಾನು ‘ಹ್ಞೂಂ’ ಅನ್ನುತ್ತಿದ್ದೆ. ಒಂದು ತಿರುವಿನಲ್ಲಿ ಅವರು ನಿಂತು, ನನ್ನ ಮುಖದ ಕಡೆ ಬಾಗಿ, “ಛತ್ರಿ ಬಂತಾ ಮೇಷ್ಟ್ರು?” ಎಂದರು.

“ಇನ್ನೂ ಇಲ್ಲ” ಎಂದೆ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಸಾರಿದೆ. ಹೋಗಿ ಒಂದಿಷ್ಟು ಅನ್ನಕ್ಕಿಟ್ರೆ ಆಯ್ತು, ಇಬ್ರೂ ಊಟ ಮಾಡೋಣ.”